ಟಂಕಸಾಲೆಯ ತಪ್ಪು

ಟೀ ಅಂಗಡಿಯವನು ಕೊಟ್ಟ ಚಿಲ್ಲರೆಯಲ್ಲಿ ಹತ್ತು ರೂಪಾಯಿಯ ಒಂದು ಹೊಚ್ಚ ಹೊಸ ನಾಣ್ಯವಿತ್ತು. ಅದರ ಅಂಚಿನಲ್ಲಿ ಜೋಳದ ಕಾಳಿನಷ್ಟು ಗಂಟು. ಬೇರೆಯವರಾಗಿದ್ದರೆ ಜೇಬಿಗಿಳಿಸಿ ಮರೆಯುತ್ತಿದ್ದರು. ಇವರು ಇಪ್ಪತ್ತಾರು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಬೆನ್ನ ಹಿಂದೆ ಎಲ್ಲರಿಗೂ 'ಕರಡಿ ಸಾರ್'. ತಪ್ಪು ಕಂಡರೆ ತಿಂದದ್ದು ಅರಗುತ್ತಿರಲಿಲ್ಲ.

ತಪ್ಪಾಗಿ ಅಚ್ಚಾದ ನಾಣ್ಯಕ್ಕೆ ಸಾವಿರಗಟ್ಟಲೆ ಬೆಲೆಯಂತೆ. ಕನ್ನಡಕ ಬದಲಿಸಬೇಕು ಎಂದುಕೊಂಡೇ ಮೂರು ವರ್ಷವಾಗಿತ್ತು. ಆಸೆ ತಡೆಯದೆ ಆಫೀಸಿನಲ್ಲಿ ಬಾಯಿ ಬಿಟ್ಟರು. ಅಲ್ಲಿಗೆ ಕೆಟ್ಟಿತು.

"ಯಾರೋ ಸುತ್ತಿಗೇಲಿ ಹೊಡ್ದಿದಾರೆ, ಬಿಡಿ ಸಾರ್," ಅಂದ ಮಷಿನ್‌ನವನು.

"ಹೊಡೆದ್ರೆ ತಗ್ಗು ಬೀಳುತ್ತಪ್ಪಾ. ಇದು ಉಬ್ಬಿದೆ. ಟಂಕಸಾಲೆಯ ಅಚ್ಚೇ ಸೀಳಿ ಲೋಹ ಆ ಸೀಳಿಗೆ ನುಗ್ಗಿದೆ. ಅಚ್ಚಿನ ತಪ್ಪು ಬೇರೆ, ಆಮೇಲಾದ ಪೆಟ್ಟು ಬೇರೆ."

"ಅಂಟು ಮೆತ್ಕೊಂಡಿರುತ್ತೆ, ಕೊಡಿ ಕೆರೀತೀನಿ," ಎಂದು ಬೈಂಡರ್ ಚಾಕು ತೆಗೆದ. ಕಸಿದುಕೊಳ್ಳುವಷ್ಟರಲ್ಲಿ ಕರಡಿ ಸಾರ್ ಬೆರಳು ಕುಯ್ದುಹೋಯಿತು.

"ಹೀಟರ್ ಮೇಲೆ ಇಡೋಣ ಅಣ್ಣ, ಉದುರುತ್ತೆ," ಎಂದು ಟೈಪಿಂಗ್ ಅಕ್ಕ ಕೈ ಚಾಚಿದಳು. ಮಷಿನ್‌ನವನು ಇಕ್ಕಳ ಹಿಡಿದು ಬಂದ. ಬೇರೆ ದಾರಿ ಕಾಣದೆ ಕರಡಿ ಸಾರ್ ನಾಣ್ಯವನ್ನು ಬಾಯಿಗೆ ಹಾಕಿ ದವಡೆಗೆ ಒತ್ತಿಕೊಂಡರು. ಅದೇ ಹೊತ್ತಿಗೆ ಮಾಲೀಕರು ಬರಬೇಕೇ!

"ಹತ್ತನೇ ಪುಟ ಎಲ್ರೀ?"

"ಉಂ."

"ಏನು ಉಂ? ಕೆನ್ನೆ ಬೇರೆ ಊದಿದೆ. ಅರ್ಧ ದಿನ ರಜೆ ಬರೆದು ಮೊದಲು ಹಲ್ಲಿನ ಡಾಕ್ಟ್ರ ಹತ್ರ ಹೋಗಿ!"

ಕರಡಿ ಸಾರ್ ಹೋದದ್ದು ಊರಾಚೆಯ ನಾಣ್ಯದ ಅಂಗಡಿಗೆ. ಎರಡು ಬಸ್ಸು, ನೆತ್ತಿ ಸುಡುವ ಬಿಸಿಲು, ಬೆರಳಿಗೆ ಕರವಸ್ತ್ರ. ಅಂಗಡಿಯವನು ಕಣ್ಣಿಗೆ ಮಸೂರ ಸಿಕ್ಕಿಸಿ ತಿರುಗಿಸಿ ಮುರುಗಿಸಿ ನೋಡಿದ.

"ಪೆಟ್ಟಲ್ಲ, ಗೀರಲ್ಲ. ಅಪ್ಪಟ ಟಂಕಸಾಲೆಯ ತಪ್ಪು."

ಕರಡಿ ಸಾರ್ ಕರವಸ್ತ್ರ ಸುತ್ತಿದ ಬೆರಳೆತ್ತಿದರು. "ನಾನು ಆಗಲೇ ಅಂದೆ!"

ಅಂಗಡಿಯವನು ಮೇಜಿನ ಖಾನೆ ಎಳೆದ. ಖಾನೆ ತುಂಬ ಹೊಸ ನಾಣ್ಯ, ಒಂದೊಂದರ ಅಂಚಿನಲ್ಲೂ ಜೋಳದ ಕಾಳು.

"ಈ ಸಲ ಬಿಟ್ಟಿರೋದು ಅಷ್ಟೂ ಹೀಗೇ ಸ್ವಾಮಿ. ಬೆಳಗ್ಗೆಯಿಂದ ನೀವು ಹತ್ತೊಂಬತ್ತನೆಯವರು. ಗಂಟಿಲ್ಲದ್ದು ಒಂದು ಸಿಕ್ರೆ ತನ್ನಿ, ಕೇಳಿದಷ್ಟು ಕೊಡ್ತೀನಿ."

ವಾಪಸ್ ಬರುವಾಗ ಎರಡನೇ ಬಸ್ಸಿನಲ್ಲಿ, ಜೇಬಲ್ಲಿ ಉಳಿದಿದ್ದ ಆ ಒಂದೇ ನಾಣ್ಯವನ್ನು ಟಿಕೆಟ್ಟಿಗೆ ಚಾಚಿದರು. ಕಂಡಕ್ಟರ್ ಅಂಚು ಸವರಿ ನೋಡಿ ಹಿಂದಕ್ಕೆ ಕೊಟ್ಟ.

"ಯಾರೋ ಜಜ್ಜಿದಾರೆ ಯಜಮಾನ್ರೇ, ನಡೆಯಲ್ಲ. ಬೇರೆ ಕೊಡಿ."

ಜಜ್ಜಿದ್ದಲ್ಲ ಎನ್ನಲು ಬಾಯಿ ತೆರೆದರು. ಆಮೇಲೆ ನಾಣ್ಯವನ್ನು ಜೇಬಿಗೆ ಹಾಕಿಕೊಂಡು ಇಳಿದರು. ಮನೆಗೆ ಇನ್ನೂ ಆರು ಸ್ಟಾಪಿತ್ತು.