ತಂಗೆವ್ವ ಹರಿಹರಕ್ಕೆ ಹೊರಟಳು

ದಾವಣಗೆರೆಯಿಂದ ಹರಿಹರಕ್ಕೆ ಒಂಬತ್ತು ಮೈಲಿ. ಬೆಳಿಗ್ಗೆ ಎತ್ತಿನ ಗಾಡಿ ಕಟ್ಟಿದರೂ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು. ಅಷ್ಟು ದೂರಕ್ಕೆ ನಮ್ಮ ಅತ್ತಿಗೆ ಹದಿನೈದು ದಿನ ತಯಾರಿ ನಡೆಸಿದರು ಎಂದರೆ ನೀವು ನಂಬುತ್ತೀರಾ? ತಮಗಾಗಿ ಅಲ್ಲ ಸ್ವಾಮಿ, ತಮ್ಮ ಆಮೆಗಾಗಿ! ತಮ್ಮ ಸೀರೆಗಳನ್ನೆಲ್ಲ ಹೊರಡುವ ದಿನ ಒಂದೇ ಗಂಟು ಕಟ್ಟಿ ಗಾಡಿಗೆ ಎಸೆದರು, ಅಷ್ಟೇ.

ಆಮೆಯ ಹೆಸರು ತಂಗೆವ್ವ. ಊಟದ ತಟ್ಟೆಯಷ್ಟು ಅಗಲ, ಹಿತ್ತಲ ಕಲ್ಲುಬಾನಿಯ ನೀರಿನಲ್ಲಿ ವಾಸ. ಅತ್ತಿಗೆ ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ ಲೋಕಿಕೆರೆಯಿಂದ ನಮ್ಮ ಮನೆಗೆ ಬಂದರಲ್ಲ, ಆಗ ಜೊತೆಯಲ್ಲಿ ಬಂದದ್ದು. ಅವರ ತವರಿನ ಬಾವಿಯಲ್ಲಿತ್ತಂತೆ. ಆಗ ನಾನಿನ್ನೂ ಹುಟ್ಟಿರಲಿಲ್ಲ. ನಾನು ಬೆಳೆದು ದೊಡ್ಡವನಾಗಿ ಜವಳಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ತಂಗೆವ್ವ ಬಾನಿಯಲ್ಲೇ ಇದ್ದಳು. ಮನೆಯ ಸುದ್ದಿಗಳೆಲ್ಲ ಮೊದಲು ಅವಳಿಗೆ, ಆಮೇಲೆ ನಮಗೆ. ಅಣ್ಣನಿಗೆ ಹರಿಹರದ ಹೊಸ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು ಎಂಬುದು ನನಗೆ ತಿಳಿದದ್ದೂ ಹಾಗೆಯೇ, ಅತ್ತಿಗೆ ಬಾನಿಗೆ ಬಗ್ಗಿ ಹೇಳುತ್ತಿದ್ದಾಗ ಹಿಂದೆ ನಿಂತು ಕೇಳಿ!

ತೊಡಕು ಬಂದದ್ದು ಹರಿಹರದಲ್ಲಿ ಬಾಡಿಗೆಗೆ ಹಿಡಿದ ಮನೆಯ ಮಾಲೀಕರಿಂದ. ಒಳ್ಳೆಯ ಮನುಷ್ಯ, ಹಿರಿಯರು. ಆದರೆ ಆಮೆ ಮನೆಯೊಳಗೆ ಕಾಲಿಟ್ಟರೆ ಮನೆ ಏಳಿಗೆಯಾಗುವುದಿಲ್ಲ ಎಂದು ನಂಬಿದ್ದವರು. ಆಮೆ ಬಂದರೆ ಮನೆ ಇಲ್ಲ ಎಂದು ಖಡಾಖಂಡಿತ ಹೇಳಿ ಕಳಿಸಿದ್ದರು. ಅಣ್ಣ ಬಹಳ ಮೆತ್ತಗೆ, ಹರಿಹರದಲ್ಲಿ ತುಂಗಭದ್ರೆ ಇದ್ದಾಳೆ, ಅಲ್ಲೇ ಬಿಟ್ಟುಬಿಡೋಣ ಎಂದ. ಅತ್ತಿಗೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಅದರ ಪಕ್ಕದಾಗೆ ನನ್ನನ್ನೂ ಬಿಟ್ಟು ಬರ್ರಿ," ಎಂದರು.

ಅಲ್ಲಿಗೆ ಆ ಮಾತು ಮುಗಿಯಿತು. ಕೊನೆಗೆ ಅಣ್ಣನೇ ಒಂದು ಹೂಟ ಹೂಡಿದ. ದೇವರ ಬುಟ್ಟಿ ಹಿಡಿದು ಅತ್ತಿಗೆ ಮುಂಬಾಗಿಲಿಂದ ಹೋಗುವುದು; ಆಮೆಯ ಬುಟ್ಟಿ ಹಿಡಿದು ನಾನು ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗುವುದು. ಹೊಸ್ತಿಲು ದಾಟದ ಮೇಲೆ ದೋಷ ಎಲ್ಲಿಯದು?

ಈಗ ಪ್ರಯಾಣದ ಪ್ರಶ್ನೆ. ಗಾಡಿಯಲ್ಲಿ ಕುಲುಕಾಟ ಎಷ್ಟಿರುತ್ತದೆ ಎಂದು ನೋಡಲು ಅತ್ತಿಗೆ ಬುಟ್ಟಿಯಲ್ಲಿ ಹುಲ್ಲು ಹಾಸಿ, ಒಂದು ಕುಂಬಳಕಾಯಿ ಇಟ್ಟುಕೊಂಡು ಆನೆಕೊಂಡದವರೆಗೆ ಗಾಡಿಯಲ್ಲಿ ಹೋಗಿ ಬಂದರು. ಕುಂಬಳಕಾಯಿ ಬಿರುಕು ಬಿಟ್ಟಿತ್ತು. ಗಾಡಿ ರದ್ದು! ನಾವು ಮೂರು ದಿನ ಕುಂಬಳಕಾಯಿ ಪಲ್ಯ ತಿಂದೆವು.

ಬಸ್ಸೇ ಸರಿ ಎಂದಾಯಿತು. ಆದರೆ ಮುಂದಿನ ಸೀಟಿಗೆ ಇಂಜಿನ್ನಿನ ಕಾವು, ಹಿಂದಿನದಕ್ಕೆ ಎತ್ತಿ ಹಾಕುವ ಕಾಟ. ಆದ್ದರಿಂದ ನಡುವಿನ ಸೀಟು, ಅದೂ ನೆರಳಿನ ಕಡೆ. ಹಿಂದಿನ ದಿನ ತಂಗೆವ್ವನಿಗೆ ಉಪವಾಸ, ದಾರಿಯಲ್ಲಿ ಹೊಟ್ಟೆ ಕೆಡಬಾರದಲ್ಲ. ಬುಟ್ಟಿಗೆ ಹಸಿ ಹುಲ್ಲು, ಮೇಲೆ ಒದ್ದೆ ಬಟ್ಟೆ. ದೇವರಿಗೂ ಒದ್ದೆ ಮಡಿಬಟ್ಟೆಯೇ ಬೇಕು. ಎರಡಕ್ಕೂ ಸೇರಿ ಅಣ್ಣನ ಹೊಸ ಪಂಚೆಯನ್ನು ನಡುವೆ ಹರಿದರು. ಅಣ್ಣ ಅದನ್ನು ನೋಡಿದ್ದು ಹರಿಹರದಲ್ಲಿ, ತಡವಾಗಿತ್ತು ಬಿಡಿ.

ಅಣ್ಣ ಸಾಮಾನಿನ ಗಾಡಿಯ ಜೊತೆ ನಸುಕಿಗೇ ಹೋದ. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ದೇವರು, ಅತ್ತಿಗೆಯ ತೊಡೆಯ ಮೇಲೆ ತಂಗೆವ್ವ. ಕಂಡಕ್ಟರ್ ಬುಟ್ಟಿ ನೋಡಿ ಇದೇನು ಎಂದ. ಅತ್ತಿಗೆ ಸುಳ್ಳು ಹೇಳುವವರಲ್ಲ. ಆಮೆ, ಅರ್ಧ ಟಿಕೆಟ್ ಕೊಡು ಎಂದರು. ಆಮೆಗೆ ಟಿಕೆಟ್ ಇಲ್ಲ ಎಂದ ಅವನು. ಟಿಕೆಟ್ ಇಲ್ಲದಿದ್ದರೆ ನಡುದಾರಿಯಲ್ಲಿ ಇಳಿಸುತ್ತೀಯ, ಕೊಡು ಎಂದರು ಇವರು. ಹಿಂದಿನ ಸೀಟಿನವರೆಲ್ಲ ಎದ್ದು ನಿಂತು ನ್ಯಾಯ ಹೇಳಿದ ಮೇಲೆ ಅವನು, ಇಳಿಸುವುದಿಲ್ಲ ತಾಯಿ ಎಂದು ಕೈಮುಗಿದು ಮುಂದೆ ಹೋದ.

ಅದಾದರೂ ಪರವಾಗಿಲ್ಲ. ದಾರಿಯುದ್ದಕ್ಕೂ ಅತ್ತಿಗೆ ಬಟ್ಟೆ ಸರಿಸಿ ವರದಿ ಒಪ್ಪಿಸುತ್ತಲೇ ಇದ್ದರು. ಈಗ ಊರು ದಾಟಿತು, ದೊಡ್ಡಬಾತಿ ಬಂತು, ಅಗೋ ಗುಡ್ಡ, ಇನ್ನು ಸ್ವಲ್ಪವೇ ದೂರ. ಪಕ್ಕದವರು ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಇವರು ನಮ್ಮವರೇ ಅಲ್ಲ ಎನ್ನುವಂತೆ ಕೂರುವುದು ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಹರಿಹರದಲ್ಲಿ ಇಳಿಯುವಾಗ ನೂಕುನುಗ್ಗಲು. ನಾನು ಮೊದಲು ಇಳಿದು ಎರಡೂ ಬುಟ್ಟಿ ಇಸಿದುಕೊಂಡೆ. ಅತ್ತಿಗೆ ಇಳಿದ ಮೇಲೆ ಒಂದನ್ನು ಕೊಟ್ಟೆ. ಒಂದೇ ಅಳತೆಯ ಬುಟ್ಟಿ, ಒಂದೇ ಪಂಚೆಯ ಎರಡು ತುಂಡು! ತಪ್ಪು ನನ್ನದೇ, ಇವತ್ತಿಗೂ ಒಪ್ಪುತ್ತೇನೆ.

ಮನೆಯ ಮುಂದೆ ಮಾಲೀಕರು ಕಾಯುತ್ತಿದ್ದರು. ಒದ್ದೆ ಮಡಿಬಟ್ಟೆ ಕಂಡದ್ದೇ ಚಪ್ಪಲಿ ಬಿಟ್ಟು, ದೇವರನ್ನು ಹೊರುವ ಪುಣ್ಯ ನಮಗಿರಲಿ ಎಂದು ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡರು. ಅವರ ಹೆಂಡತಿ ಆರತಿ ಎತ್ತಿದರು. ಮಾಲೀಕರು ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿದರು. ಅಷ್ಟರಲ್ಲಿ ನಾನು ಹಿತ್ತಲಲ್ಲಿ ಬಟ್ಟೆ ಸರಿಸಿದೆ. ಹಿತ್ತಾಳೆಯ ದೇವರುಗಳೆಲ್ಲ ನನ್ನನ್ನೇ ನೋಡುತ್ತಿದ್ದವು.

ಓಡಿ ಒಳಗೆ ಬಂದರೆ, ದೇವರ ಗೂಡಿನ ಮುಂದೆ ಬುಟ್ಟಿ, ಬುಟ್ಟಿಯಿಂದ ಚಾಚಿದ ಕುತ್ತಿಗೆ, ಬೆನ್ನ ಮೇಲೆ ಅದಾಗಲೇ ಒಂದು ಚಿಟಿಕೆ ಕುಂಕುಮ! ಅಣ್ಣ ಗೋಡೆ ಹಿಡಿದು ನಿಂತಿದ್ದ. ಮಾಲೀಕರು ಎರಡು ಹೆಜ್ಜೆ ಹಿಂದೆ ಸರಿದು, ಈಗಲೇ ಹೊಳೆಗೆ ಬಿಟ್ಟು ಬರ್ರಿ, ಇಲ್ಲದಿದ್ದರೆ ಸಾಮಾನು ಇಳಿಸಬೇಡಿ ಎಂದರು. ಅಣ್ಣ ಬುಟ್ಟಿಗೆ ಕೈ ಹಾಕಿದ.

ಅತ್ತಿಗೆ ಬುಟ್ಟಿಯ ಪಕ್ಕದಲ್ಲಿ ನೆಲಕ್ಕೆ ಕೂತರು. ಬುಟ್ಟಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಬ್ಯಾಡ್ರಿ," ಎಂದರು. "ನನ್ನ ಮದುವಿ ಆದಾಗ ನನ್ನೂ ಈ ತಂಗೆವ್ವನ್ನೂ ಒಂದೇ ಗಾಡ್ಯಾಗೆ ಹಾಕಿ ಕಳಿಸಿದ್ರು. ನಾನು ಚಿಕ್ಕಾಕಿ. ಎಲ್ಲಿಗೆ ಹೊಂಟೀವಿ, ಇನ್ನೆಷ್ಟು ದೂರ ಐತೆ, ಒಬ್ರೂ ಹೇಳ್ಲಿಲ್ಲ. ಮೂರು ದಿನ ನಾನು ಮುಖದ ಮೇಲಿನ ಸೆರಗು ತೆಗೀಲಿಲ್ಲ, ಇದು ತಲೆ ಹೊರಗೆ ಹಾಕ್ಲಿಲ್ಲ. ಇವತ್ತು ಬಂದ ಕೂಡ್ಲೇ ತಲೆ ಹಾಕೈತೆ ನೋಡ್ರಿ. ದಾರ್ಯಾಗೆಲ್ಲ ಹೇಳಿಕೋತ ಕರ್ಕೊಂಡು ಬಂದೀನಿ, ಅದಕ್ಕೆ."

ಬಸ್ಸಿನಲ್ಲಿ ಕಿಟಕಿಯಾಚೆ ನೋಡಿದ್ದು ನೆನಪಾಗಿ ನನಗೆ ಬಹಳ ನಾಚಿಕೆಯಾಯಿತು.

ಮಾಲೀಕರ ಹೆಂಡತಿ ಆರತಿ ತಟ್ಟೆಯನ್ನು ಗಂಡನ ಕೈಗೆ ಕೊಟ್ಟರು. ಅರವತ್ತು ದಾಟಿದ ಹೆಂಗಸು. ಬಗ್ಗಿ ಬುಟ್ಟಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ನಡೆದರು.

"ಇದು ಪಡಸಾಲೆ, ತಂಗೆವ್ವ," ಎಂದರು. "ಇದು ಅಡಿಗಿಮನಿ. ಅಲ್ಲಿ ಹಿತ್ಲು, ನೀರಿನ ಬಾನಿ ಐತೆ. ಹೆದರಬ್ಯಾಡ, ಬಾ."

ಅತ್ತಿಗೆ ಅವರ ಸೆರಗು ಹಿಡಿದುಕೊಂಡು ಹಿಂದೆ ಹೋದರು. ಅತ್ತಿಗೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾಲೀಕರು ತಟ್ಟೆ ಹಿಡಿದು ನಿಂತೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, ದೇವರನ್ನು ಹಿತ್ತಲಲ್ಲೇ ಬಿಟ್ಟು ಬಂದಿದ್ದೀಯಲ್ಲಪ್ಪ, ಹೋಗಿ ಕರ್ಕೊಂಡು ಬಾ ಎಂದರು.