ಸರದಾರನ ರಿಸಲ್ಟು

ಸಹನ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ಇಟ್ಟಳು. ಊಹೂಂ. ಹೋರಿಯ ವೀರ್ಯ ತುಂಬಿ ಹೆಪ್ಪುಗಟ್ಟಿಸಿದ ಪ್ಲಾಸ್ಟಿಕ್ ಕಡ್ಡಿಯನ್ನು ಬೆಚ್ಚನೆಯ ನೀರಿನಲ್ಲಿ ಕರಗಿಸಿ ಒಂದು ಹನಿ ನೋಡಿದರೆ, ಒಳಗಿನ ಜೀವಾಣುಗಳು ಪಾಂಡವಪುರದ ಬಸ್ಸಿಗೆ ಜನ ನುಗ್ಗುವ ಹಾಗೆ ನುಗ್ಗಬೇಕು. ಇವು ಬೀಗರೂಟ ಮುಗಿಸಿ ಚಾಪೆಯ ಮೇಲೆ ಉರುಳಿಕೊಂಡವರ ಹಾಗೆ ಬಿದ್ದಿದ್ದವು.

ಬೇರೆ ಹೋರಿಯದಾಗಿದ್ದರೆ ಕಡ್ಡಿಗಳನ್ನೆಲ್ಲ ಎಸೆದು ಸುಮ್ಮನಾಗುತ್ತಿದ್ದಳು. ಇದು ಸರದಾರನದು. ಅವಳ ಮಾವ ಮಂಚಯ್ಯ ಮಗನಿಗಿಂತ ಮುದ್ದಾಗಿ ಸಾಕಿದ ಹಳ್ಳಿಕಾರ್ ಹೋರಿ. ಬಾಬುರಾಯನಕೊಪ್ಪಲಿನಾಚೆ ಅವಳು ಕೆಲಸ ಮಾಡುವ ಈ ಹೋರಿ ಕೇಂದ್ರಕ್ಕೆ ಅವನನ್ನು ಪರೀಕ್ಷೆಗೆಂದು ಬಿಟ್ಟಿದ್ದರು. ಪಾಸಾದರೆ ಕೇಂದ್ರವೇ ಕೊಳ್ಳುತ್ತದೆ, ಫೇಲಾದರೆ ವಾಪಸ್ಸು. ಇವತ್ತಿನದೇ ಕೊನೆಯ ಪರೀಕ್ಷೆ.

ವಾಪಸ್ಸು! ಮನೆಯಲ್ಲಿ ಸರದಾರ ಸಹನಳ ಕೈಯಿಂದಲ್ಲದೆ ನೀರು ಕುಡಿಯುತ್ತಿರಲಿಲ್ಲ. ಬೆಳಗ್ಗೆ ಅವಳು ಕಾಫಿ ಲೋಟ ಹಿಡಿದ ಹೊತ್ತಿಗೇ ಅವನಿಗೂ ಬಾಯಾರಿಕೆ. ಕುಡಿದ ಮೇಲೆ ಅವಳ ಸೆರಗನ್ನು ಟವಲಿನಂತೆ ಎಳೆದು ಅಗಿಯುತ್ತಿದ್ದ. ಅವನು ಗಾಡಿ ಹತ್ತಿ ಹೋದ ದಿನ ಅತ್ತೆ ಬೆಟ್ಟಮ್ಮ ಗೋಳೋ ಎಂದು ಅತ್ತಿದ್ದರು. ಸಹನ ಅಡುಗೆಮನೆಯಲ್ಲಿ ಒಬ್ಬಳೇ ಕೂತು, ಮದುವೆಯಾದ ಮೇಲೆ ಮೊದಲ ಸಲ, ಕಾಫಿಯನ್ನು ಬಿಸಿಯಿರುವಾಗಲೇ ಕುಡಿದಿದ್ದಳು. ಕೇಂದ್ರದ ಡಾಕ್ಟರ್ ಮೇಡಂ ಎಷ್ಟು ಸಲ ಕರೆದರೂ ಅವಳು ನಸುಕಿನ ಪಾಳಿಗೆ ಒಪ್ಪದಿದ್ದುದು ಮನೆಯ ಆ ಬೆಳಗಿನ ಕಾಫಿಯ ಆಸೆಗೇ.

"ಏನ್ ಸಹ್ನಕ್ಕ, ನಿಮ್ ಮೈದ್ನ ಪಾಸಾ, ಫೇಲಾ?" ಹೋರಿಗಳನ್ನು ನೋಡಿಕೊಳ್ಳುವ ಚಿಕ್ಕಸ್ವಾಮಿ ಬಾಗಿಲಲ್ಲಿ ಹಲ್ಲು ಕಿರಿದ. "ಮನೆ ಉಡ್ಗ ಕಣಕ್ಕ, ಒಸಿ ಕೈ ಬುಟ್ಟು ಮಾರ್ಕ್ಸ್ ಆಕಿ."

"ಓಗಪ್ಪ ಸುಮ್ನೆ. ಸುಳ್ ಮಾರ್ಕ್ಸ್ ಆಕುದ್ರೆ ಇನ್ಯಾರ್ದೋ ಅಸ ಗಬ್ಬ ನಿಲ್ಲಲ್ಲ."

ಅಷ್ಟರಲ್ಲಿ ಮಾವನ ಫೋನು. "ಸಹ್ನವ್ವಾ, ರಿಸಲ್ಟ್ ಬಂತಾ? ಗೂಡ್ಸ್ ಗಾಡೀಲಿ ಬತ್ತಾವ್ನಿ. ನಿಮ್ಮತ್ತೆ ಅವ್ಳೆ, ಪಕ್ಕದ್ಮನೆ ಅಣ್ಣಮ್ಮನೂ ಅವ್ಳೆ."

"ಇನ್ನೂ ನೋಡ್ತಾವ್ನಿ ಮಾವ."

"ಫೇಲಾದ್ರೆ ಟ್ಯೂಷನ್‌ಗೆ ಆಕ್ಬುಡು ಮಂಚಣ್ಣೋ!" ಹಿಂದಿನಿಂದ ಅಣ್ಣಮ್ಮನ ಗಂಟಲು ಕೇಳಿಸಿತು.

ಸಹನ ಸಮಾಧಾನಕ್ಕೆಂದು ಇನ್ನೊಂದು ಹೋರಿಯ ಕಡ್ಡಿ ಕರಗಿಸಿದಳು. ಅದೂ ನಿದ್ದೆ. ಮತ್ತೊಂದು ಹೋರಿಯದೂ ನಿದ್ದೆ. ಒಂದೇ ದಿನ ಎಲ್ಲಕ್ಕೂ ಮಂಪರು ಕವಿಯಿತೇ? ಅನುಮಾನದಿಂದ ಬಿಸಿನೀರಿನ ತೊಟ್ಟಿಯ ಮುಚ್ಚಳ ಸರಿಸಿ ಪೂರ್ತಿ ಬಗ್ಗಿ ನೋಡಿದಳು. ಮೂಲೆಯಲ್ಲಿ ಸ್ಟೀಲ್ ಡಬ್ಬಿಯೊಂದು ತಣ್ಣಗೆ ಕೂತಿತ್ತು.

"ಚಿಕ್ಕಸ್ವಾಮೀ!"

"ರಾತ್ರಿದು ಸೊಪ್ಪಿನ್ ಸಾರು ಕಣಕ್ಕ, ಫ್ರಿಜ್ಜಲ್ಲಿತ್ತು. ಬೆಚ್ಗಾಗ್ಲಿ ಅಂತ..."

ಸಾರು ಬೆಚ್ಚಗಾಗುವ ಬದಲು ನೀರೇ ತಣ್ಣಗಾಗಿತ್ತು. ಸಹನ ಅವನನ್ನು ಚೆನ್ನಾಗಿ ಬೈದಳು. ಮನಸ್ಸಿನಲ್ಲಿ ಮಾತ್ರ ಆ ಡಬ್ಬಿಗೆ ಕೈಮುಗಿದಳು. ನೀರು ಹದಕ್ಕೆ ಬಂದ ಮೇಲೆ ಸರದಾರನ ಹೊಸ ಕಡ್ಡಿ ಕರಗಿಸಿ ನೋಡಿದಳು. ಅಬ್ಬಾ, ಬಸ್ಸೇ ಬಂದುಬಿಟ್ಟಿತ್ತು! ಒಂದು ಮಾರ್ಕೂ ಕೂಡಿಸಬೇಕಾಗಲಿಲ್ಲ.

ಗೇಟಿಗೆ ಓಡಿದಳು. "ಮಾವ, ಪಾಸು! ಫಸ್ಟ್ ಕ್ಲಾಸು!"

ಮಂಚಯ್ಯ ಟವಲಿನಿಂದ ಕಣ್ಣೊರೆಸಿಕೊಂಡರು. "ಸರಿ, ಅತ್ಸಿ ಗಾಡಿಗೆ."

"ಯಾರ್ನ?"

"ಇನ್ಯಾರ್ನ? ನಮ್ ಸರದಾರನ್ನ."

"ಪಾಸಾದ್ರೆ ಇವ್ರೇ ತಕತಾರೆ ಮಾವ!"

"ಪಾಸಾದ್ ಮಗುನ್ನ ಯಾರಾರ ಮಾರ್ತಾರೇನವ್ವ? ಫೇಲಾಗಿದ್ರೆ ಯಾವ್ ಮಕ ಇಟ್ಕಂಡ್ ಊರ್ಗೆ ಕರ್ಕೊಂಡೋಗದು, ಇಂಗೇ ಏಮಗಿರಿ ದನಿನ್ ಜಾತ್ರೆ ಕಡೆಯೋರ್ಗೆ ದಾಟಿಸ್ಬುಡಾನ ಅಂತ ಗಾಡಿ ತಂದಿದ್ದೆ. ದೇವ್ರು ದೊಡ್ಡೋನು!"

ಸಹನ ಕೇಂದ್ರದ ಕಿಟಕಿಯತ್ತ ತಿರುಗಿದಳು. ಚಿಕ್ಕಸ್ವಾಮಿ ಡಬ್ಬಿ ತೆರೆದು ಸಾರಿಗೆ ಮುದ್ದೆ ಅದ್ದುತ್ತಿದ್ದ. ತಾನು ಇನ್ನೊಂದು ಗಳಿಗೆ ಆ ತೊಟ್ಟಿಯ ಮುಚ್ಚಳ ಸರಿಸದೆ ಇದ್ದಿದ್ದರೆ!

ಸಂಜೆ ಎಲ್ಲರೂ ಅದೇ ಗಾಡಿಯಲ್ಲಿ ಹೊರಟರು. ಹತ್ತಿದ್ದೇ ತಡ, ಸರದಾರ ಕತ್ತು ಚಾಚಿ ಅವಳ ಸೆರಗು ಕಚ್ಚಿದ.

"ನೋಡೇ ಸಹ್ನ, ನಿನ್ ಕಂಡ್ರೆ ಅದೆಷ್ಟ್ ಪ್ರೀತಿ!" ಅಣ್ಣಮ್ಮ ಕೆನ್ನೆಗೆ ಕೈ ಹಚ್ಚಿದಳು. ಬೆಟ್ಟಮ್ಮ ಇನ್ನೊಮ್ಮೆ ಅತ್ತರು.

ಸಹನ ಸೆರಗು ಬಿಡಿಸಿಕೊಳ್ಳಲಿಲ್ಲ. ನಸುಕಿನ ಪಾಳಿಯವರಿಗೆ ಕೇಂದ್ರದಲ್ಲೇ ಕಾಫಿ ಕೊಡುತ್ತಾರೆ, ಹೊಗೆಯಾಡುವ ಕಾಫಿ. ನಾಳೆ ಹೋದವಳೇ ಮೇಡಂಗೆ ಹೂಂ ಅನ್ನಬೇಕು. ನೀರಿನ ಬಕೆಟ್ಟು ಮಾವ ಹಿಡಿಯಲಿ. ಇಷ್ಟು ದಿನ ಚಿಕ್ಕಸ್ವಾಮಿಯ ಕೈಯಲ್ಲಿ ಕುಡಿದವನಿಗೆ ಅವರ ಕೈ ಏನು ಕಹಿಯೇ? ಹೇಗೂ ಫಸ್ಟ್ ಕ್ಲಾಸಿನವನು, ಬೇಗ ಕಲಿಯುತ್ತಾನೆ.

"ಯಾಕವ್ವಾ ಒಬ್ಬೊಬ್ಳೇ ನಗ್ತೀಯೆ?" ಮಾವ ಕೇಳಿದರು.

"ಏನಿಲ್ಲ ಮಾವ," ಎಂದಳು ಸಹನ.