ಮೊದಲ ಹಚ್ಚೆಗೆ ಸಲಹೆ ಕೊಟ್ಟ ಸಾಹೇಬರಿಗೆ ಎಡಗೈಯ ವಂದನೆ

ಕೆಲಸದ ಜಾಗದಲ್ಲಾಗುವ ಗಾಯಗಳನ್ನು ವಿಚಾರಿಸಲೆಂದೇ ನೇಮಕಗೊಂಡು, ವಿಚಾರಿಸುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಶ್ರದ್ಧೆಯಿಂದ ಮಾಡುತ್ತಿರುವ ಮಾನ್ಯ ವಿಚಾರಣಾಧಿಕಾರಿಗಳ ಸನ್ನಿಧಾನಕ್ಕೆ, ಊರಿನ ಆಸ್ಪತ್ರೆ ಹೋಟೆಲುಗಳ ಹಾಸುಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ದುಡಿಯುವವಳ ಅನಂತ ನಮಸ್ಕಾರಗಳು. ಬರೆಯುತ್ತಿರುವುದು ಬಲಗೈಯಾದರೂ ನಮಸ್ಕಾರ ಮಾತ್ರ ಎಡಗೈಯದೆಂದು ತಿಳಿಯಬೇಕಾಗಿ ವಿನಂತಿ. ತಮ್ಮ ಮೇಜಿನ ಮುಂದೆ ಹಾಜರಾಗಿ, ಹಾಜರಾದಾಗಲೆಲ್ಲ ಮುಂದಿನ ದಿನಾಂಕ ಪಡೆದು ಮನೆಗೆ ವಾಪಸಾದ ಕೈ ಅದೇ.

ಮಾನ್ಯರೇ, ಮೊದಲು ಕೃತಜ್ಞತೆ ಹೇಳಿಬಿಡುತ್ತೇನೆ, ಆಮೇಲೆ ಮರೆತರೆ ಕಷ್ಟ. ಹೋದ ವಿಚಾರಣೆಯ ದಿನ ನಾನು ತೋಳು ಮಡಚಿ ಮೊಣಕೈಯ ಕೆಳಗಿನ ಸುಟ್ಟ ಕಲೆಯನ್ನು ತೋರಿಸಿದಾಗ ತಾವು ಕನ್ನಡಕವನ್ನು ಹಣೆಗೇರಿಸಿ, ಅಂದರೆ ಏನೂ ಕಾಣದಿರಲು ಬೇಕಾದ ಏರ್ಪಾಟನ್ನೆಲ್ಲ ಮಾಡಿಕೊಂಡು, ಕೂತಲ್ಲಿಂದಲೇ ನೋಡಿ, "ಮಾಸ್ತಾ ಇದೆಯಲ್ಲಮ್ಮ, ಒಳ್ಳೇದೇ ಆಯ್ತು. ಈಗಿನ ಹೆಣ್ಮಕ್ಕಳು ಇಂಥದ್ದರ ಮೇಲೆ ಚೆಂದದ ಟ್ಯಾಟೂ ಹಾಕಿಸ್ಕೋತಾರೆ. ನೀನೂ ಒಂದು ಹಾಕಿಸ್ಕೊಂಡು ಮರೆತುಬಿಡು" ಎಂದು ಅಪ್ಪಣೆ ಕೊಡಿಸಿದಿರಿ. ಪಕ್ಕದಲ್ಲಿದ್ದ ನಮ್ಮ ಲಾಂಡ್ರಿಯ ಸಿಬ್ಬಂದಿ ಅಧಿಕಾರಿ ತಮ್ಮ ಹಾಸ್ಯಪ್ರಜ್ಞೆಗೆ ತಕ್ಕಷ್ಟೇ, ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ನಕ್ಕರು. ನಾನು ಬಂದದ್ದು ತಮ್ಮಿಂದ ಒಂದು ಸಾಲು ಬರೆಸಿಕೊಳ್ಳಲು: ಈ ಗಾಯ ಇಸ್ತ್ರಿ ಕೋಣೆಯ ಯಂತ್ರದಿಂದಲೇ ಆದದ್ದು ಎಂಬ ಸಾಲು. ಅದಕ್ಕೆ ತಮ್ಮ ಸಹಿ ಬಿದ್ದರೆ ಯಂತ್ರ ನಿಲ್ಲಿಸಿ ಅದರ ತಡೆಕೊಂಡಿಯನ್ನು ಸರಿಮಾಡಲೇಬೇಕು. ಸಾಲು ಸಿಗಲಿಲ್ಲ, ಸಲಹೆ ಸಿಕ್ಕಿತು. ಸರ್ಕಾರದ ಕಡೆಯಿಂದ ಬಂದದ್ದನ್ನು ಬೇಡ ಎನ್ನುವ ಅಭ್ಯಾಸ ನಮ್ಮ ಪೈಕಿ ಯಾರಿಗೂ ಇಲ್ಲವಾದ್ದರಿಂದ ಅದನ್ನೇ ಕಣ್ಣಿಗೊತ್ತಿಕೊಂಡು ಹೊರಬಂದೆ.

ತಾವು ಆ ಯಂತ್ರವನ್ನು ನೋಡಿಲ್ಲ. ನೋಡಬೇಕೆಂದರೆ ಅರ್ಧ ದಿನ ಅದನ್ನು ನಿಲ್ಲಿಸಬೇಕು, ನಿಲ್ಲಿಸಿದರೆ ಹೋಟೆಲಿನವರು ಬರೀ ಹಾಸಿಗೆಯ ಮೇಲೆ ಮಲಗಬೇಕು, ಅಂಥ ಘೋರ ಅನ್ಯಾಯಕ್ಕೆ ತಮ್ಮ ಮನಸ್ಸು ಒಪ್ಪಲಿಲ್ಲ. ಆದ್ದರಿಂದ ನಾನೇ ವಿವರಿಸುತ್ತೇನೆ. ಕಾಲಲ್ಲಿ ಪೆಡಲ್ ಒತ್ತಿದರೆ ಸಾಲುಸಾಲು ತೂತುಗಳಿರುವ ಬಿಸಿ ಹಲಗೆ ಮೇಲಿನಿಂದ ಇಳಿದು ಬಟ್ಟೆಯ ಮೇಲೆ ಕೂತು ಆವಿ ಬಿಡುತ್ತದೆ. ಕೈ ಒಳಗಿರುವಾಗ ಹಲಗೆ ಇಳಿಯದಿರಲೆಂದು ಅದನ್ನು ಮಾಡಿದ ಪುಣ್ಯಾತ್ಮರು ಒಂದು ಕಬ್ಬಿಣದ ಕೊಂಡಿ ಇಟ್ಟಿದ್ದಾರೆ. ಕೊಂಡಿ ಇದ್ದರೆ ಕೆಲಸ ನಿಧಾನವೆಂದು ಮೇಲಿನವರು ಗೊಣಗಿದರು, ಮೇಸ್ತ್ರಿ ಅದನ್ನು ದಿಂಬಿನ ಚೀಲದ ಲಾಡಿಯಿಂದ ಮೇಲಕ್ಕೆ ಎತ್ತಿ ಕಟ್ಟಿದ. ಒಂದು ದಿನ ನಾನು ಹಾಸುಬಟ್ಟೆಯ ಮಡಿಕೆ ಬಿಡಿಸುತ್ತಿದ್ದಾಗ ಹಲಗೆ ಬಂತು. ನಾನು ಕಾಲೆತ್ತಿದೆ, ಹಲಗೆ ಏಳಲಿಲ್ಲ. ಗಂಜಿ ತೊಟ್ಟಿಯ ಬಳಿ ಕೆಲಸ ಮಾಡುವ, ನಾವೆಲ್ಲ ಗಂಜಿಯಕ್ಕ ಎಂದು ಕರೆಯುವ ಹಿರಿಯಳು ಓಡಿಬಂದು ಮರದ ಕೋಲು ತೂರಿಸಿ ಎತ್ತಿದ್ದರಿಂದ ಇವತ್ತು ತಮಗೆ ನಮಸ್ಕಾರ ಮಾಡಲು ಒಂದು ಎಡಗೈ ಉಳಿದಿದೆ.

ಇದು ಮನೆಯ ಇಸ್ತ್ರಿ ಪೆಟ್ಟಿಗೆಯಿಂದ ಆದ ಗಾಯವೆಂದು ಸಿಬ್ಬಂದಿ ಅಧಿಕಾರಿ ತಮಗೆ ಬರೆದುಕೊಟ್ಟಿದ್ದಾರೆ. ಮಾನ್ಯರೇ, ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯೇ ಇಲ್ಲ. ದಿನವಿಡೀ ಊರವರ ಸುಕ್ಕು ತೆಗೆದವಳು ಮನೆಗೆ ಬಂದು ಮುದುಡಿದ ಸೀರೆಯನ್ನು ಮುದುಡಿದ ಹಾಗೇ ಸುತ್ತಿಕೊಂಡು ಸುಖಪಡುತ್ತಾಳೆ. ಬಡವರ ಮನೆಗಳಲ್ಲಿ ಬೆಂಕಿಯೂ ಬಿಸಿಯೂ ಸದಾ ಅವರನ್ನೇ ಸುಡಲು ಹೊಂಚು ಹಾಕಿರುತ್ತವೆಯೆಂದೂ, ಕಾರ್ಖಾನೆಗಳಲ್ಲಿ ಅವು ತಣ್ಣಗೆ ಶಿಸ್ತಿನಿಂದ ಇರುತ್ತವೆಯೆಂದೂ ತಿಳಿದ ತಮ್ಮ ಪಾಂಡಿತ್ಯ ದೊಡ್ಡದು.

ಇರಲಿ, ಸಲಹೆಯ ವಿಷಯಕ್ಕೆ ಬರುತ್ತೇನೆ. ತಾವು ಬೀಜ ಬಿತ್ತಿದ ಕೂಡಲೇ ಮನೆಯಲ್ಲಿ ಸಲಹೆಗಳ ಫಸಲು ಎದ್ದಿತು. ಅಮ್ಮ, "ಹಾಕಿಸ್ಕೊಳ್ಳೋದಾದ್ರೆ ಹೂವು ಹಾಕಿಸ್ಕೋ, ನೋಡಿದವರು ಕೈ ಸುಟ್ಟಿದೆ ಅನ್ನಬಾರದು" ಎಂದಳು. ನಮ್ಮ ಮನೆಯವರು ಮೂರನೆಯ ದಿನ ತಟ್ಟೆ ನೋಡುತ್ತಾ, "ಹೆಸರು ಹಾಕಿಸ್ಕೊಳ್ಳೋದೂ ಉಂಟಂತೆ" ಎಂದರು. ಯಾರ ಹೆಸರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ, ಊಟ ಮಾತ್ರ ಆ ದಿನ ಬೇಗ ಮುಗಿಯಿತು. ಲಾಂಡ್ರಿಯಲ್ಲಿ ಗಂಜಿಯಕ್ಕ ನವಿಲು ಹಾಕಿಸಬೇಕೆಂದು ಹಠ ಹಿಡಿದಳು. ಅಷ್ಟು ದೊಡ್ಡ ನವಿಲಿಗೆ ನನ್ನ ಕೈ ಸಾಲುವುದಿಲ್ಲ ಎಂದದ್ದಕ್ಕೆ, "ಬಾಲ ಮಡಚ್ಕೊಂಡಿರೋ ನವಿಲು ಹಾಕಿಸೇ, ಇಲ್ಲಿ ನಾವೆಲ್ಲ ಇರೋದು ಹಾಗೇ ಅಲ್ವಾ" ಎಂದಳು.

ಇವರೆಲ್ಲರ ಮಾತನ್ನೂ ಕಟ್ಟಿಕೊಂಡು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗದ ಕೈ ಮಾಡುವವನ ಅಂಗಡಿಯ ಮೇಲಿರುವ ಹಚ್ಚೆಯ ಕೋಣೆಗೆ ಗಂಜಿಯಕ್ಕನ ಜೊತೆ ಹೋದೆ. ಹಚ್ಚೆ ಹಾಕುವವಳು ನನ್ನ ತಂಗಿಯ ವಯಸ್ಸಿನವಳು. ಕಲೆಯನ್ನು ನೋಡಲು ಕನ್ನಡಕವನ್ನು ಕಣ್ಣಿಗೇ ಹಾಕಿಕೊಂಡಳು, ದೀಪವನ್ನು ಹತ್ತಿರಕ್ಕೆಳೆದಳು, ಬೆರಳಿಂದ ಮುಟ್ಟಿ ನೋಡಿದಳು. ಸುಟ್ಟ ಜಾಗದ ಮೇಲೆ ಹಚ್ಚೆ ಹಾಕಬೇಕಾದರೆ ಆತುರ ಪಡಬಾರದಂತೆ, ಕಲೆ ಪೂರ್ತಿ ಮಾಗಿ ಬಣ್ಣ ತಿಳಿಯಾಗುವ ತನಕ ತಿಂಗಳುಗಟ್ಟಲೆ ಕಾಯಬೇಕಂತೆ. "ನೀವು ಸರಿಯಾಗೇ ಕಾದಿದೀರ" ಎಂದಳು. ಮಾನ್ಯರೇ, ಆಗ ನನಗೆ ಜ್ಞಾನೋದಯವಾಯಿತು. ತಾವು ದಿನಾಂಕದ ಮೇಲೆ ದಿನಾಂಕ ಕೊಟ್ಟದ್ದನ್ನು ನಾನು ಪಾಪಿಷ್ಠೆ ತಪ್ಪು ತಿಳಿದಿದ್ದೆ; ಗಾಯ ಮಾಸಿದರೆ ಮೊಕದ್ದಮೆಯೂ ಮಾಸುತ್ತದೆಂದು ಕಾಯುತ್ತಿದ್ದೀರೆಂದು ನಮ್ಮ ಕಾರ್ಮಿಕ ಸಂಘದ ಸಭೆಯಲ್ಲಿ ಮೈಕ್ ಹಿಡಿದು ಹೇಳಿಯೂ ಇದ್ದೆ. ತಾವು ಕಾದದ್ದು ನನ್ನ ಚರ್ಮ ಶಾಯಿಗೆ ಹದವಾಗಲಿ ಎಂದು! ಆ ಭಾಷಣವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ಕೇಳಿದವರ ಕಿವಿಯಿಂದ ಅದನ್ನು ತೆಗೆಯುವ ವ್ಯವಸ್ಥೆಯನ್ನು ಇಲಾಖೆಯೇ ಮಾಡಬೇಕು.

ಅವಳ ಉಳಿದ ಸಲಹೆಗಳನ್ನೂ ತಮ್ಮ ಅವಗಾಹನೆಗೆ ತರುತ್ತೇನೆ, ಮೊದಲ ಹಚ್ಚೆಯ ಬಗ್ಗೆ ಸಲಹೆ ಕೊಡುವವರು ತಾವಾದ್ದರಿಂದ ಮುಂದೆ ಬರುವವರಿಗೆ ಉಪಯೋಗಕ್ಕೆ ಬಂದೀತು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಹೊಟ್ಟೆ ತುಂಬ ತಿಂದು ಬರಬೇಕು. ಇದನ್ನು ಕೇಳಿ ನಾನೂ ಗಂಜಿಯಕ್ಕನೂ ಮುಖ ಮುಖ ನೋಡಿಕೊಂಡೆವು. ಕೆಲಸಕ್ಕೆ ಹೊರಡುವವರಿಗೆ ಯಾರಾದರೂ ಈ ಷರತ್ತು ಹಾಕಿದ್ದರೆ ನಮ್ಮ ಲಾಂಡ್ರಿಗೆ ಬೀಗ ಬಿದ್ದು ಎಷ್ಟೋ ಕಾಲವಾಗುತ್ತಿತ್ತು. ಸೂಜಿಯ ಪೊಟ್ಟಣವನ್ನು ನಮ್ಮ ಕಣ್ಣೆದುರಿಗೇ ಒಡೆಯಬೇಕು, ಕೈಗವಸು ಹೊಸದಿರಬೇಕು, ಇಲ್ಲದಿದ್ದರೆ ಎದ್ದು ಹೋಗಬೇಕು. ನಮ್ಮ ಕೈಗವಸುಗಳಾದರೋ ಮೂವರ ಬೆವರು ಕುಡಿದು, ಬೆರಳು ಹೊರಗಿಣುಕುವಷ್ಟು ತೂತಾದ ಮೇಲೆಯೇ ಹೊಸಬರ ಪಾಲಿಗೆ ಬರುತ್ತವೆ, ಎದ್ದು ಹೋದವರ ಜಾಗಕ್ಕೆ ಗೇಟಿನಲ್ಲಿ ಇನ್ನೊಬ್ಬಳು ಕಾದಿರುತ್ತಾಳೆ. ಹಾಕಿಸಿಕೊಂಡ ಮೇಲೆ ಕೆಲವು ವಾರ ಬಿಸಿಲು, ಬೆವರು, ಆವಿ ತಾಗಿಸಬಾರದು. ಇಲ್ಲಿ ಮಾತ್ರ ತಮ್ಮ ಅಧಿಕಾರದ ಸಹಾಯ ಬೇಕು. ಇಸ್ತ್ರಿ ಕೋಣೆಯ ಆವಿಗೆ ಒಂದು ಲಿಖಿತ ಆದೇಶ ಹೊರಡಿಸಿ, ಸದರಿ ಎಡಗೈಯನ್ನು ಮುಟ್ಟದೆ ಸುತ್ತಿಕೊಂಡು ಹೋಗತಕ್ಕದ್ದೆಂದು ತಾಕೀತು ಮಾಡಬೇಕು. ಅದು ಆಗದಿದ್ದರೆ, ಸಾಕ್ಷ್ಯವೆಂದು ತಾವೇ ದಾಖಲಿಸಿಕೊಂಡ ಕೈ ಇದಾದ್ದರಿಂದ, ಮಾಗುವ ತನಕ ಅದನ್ನು ತಮ್ಮ ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಇಟ್ಟುಕೊಂಡು ರಸೀದಿ ಕೊಡಬೇಕು. ಅಲ್ಲಿ ಇಟ್ಟದ್ದನ್ನು ಯಾರೂ ಮುಟ್ಟುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ.

ಇಷ್ಟೆಲ್ಲ ಹೇಳಿ ಅವಳು, "ಬೇಕು ತಾನೇ? ನಿಜವಾಗ್ಲೂ ಬೇಕು ತಾನೇ?" ಎಂದು ಕೇಳಿದಳು. ಯಂತ್ರಕ್ಕೆ ಶಾಯಿ ತುಂಬಿದ ಮೇಲೆ ಮತ್ತೊಮ್ಮೆ ಕೇಳಿದಳು. ನನ್ನ ಮೈಗೆ ಏನಾದರೂ ಆಗುವ ಮೊದಲು ನನ್ನನ್ನು ಯಾರಾದರೂ ಕೇಳಿದ್ದು ನೆನಪಿಲ್ಲ; ಎರಡು ಸಲವೂ ಬೇಕೆಂದೆ. ಅವಳ ಯಂತ್ರಕ್ಕೂ ಕಾಲಿನ ಪೆಡಲ್ ಇದೆ, ಸಾಹೇಬರೇ. ಸೂಜಿ ಚುಚ್ಚಿದೊಡನೆ ನನಗೆ ಅರಿವಿಲ್ಲದೇ ಕೈ ಹಿಂದಕ್ಕೆಳೆದುಕೊಂಡೆ. ಅವಳು ಕಾಲೆತ್ತಿದಳು, ಸೂಜಿ ನಿಂತಿತು. ಅಷ್ಟೇ. ಕಾಲೆತ್ತಿದರೆ ನಿಲ್ಲುವ ಯಂತ್ರ. ನಾನು ಅತ್ತದ್ದು ಆಗ. ನೋವಿಗೆಂದು ತಿಳಿದು ಗಂಜಿಯಕ್ಕ ನೀರು ತಂದಳು.

ಅಂಗೈಯಗಲದ ಚಿತ್ತಾರ ಬರೆಯುವ ಒಬ್ಬ ಹುಡುಗಿಯ ಯಂತ್ರ ನಿಲ್ಲುತ್ತದೆ, ನೂರಾರು ಹೆಂಗಸರು ದುಡಿಯುವ ಲಾಂಡ್ರಿಯ ಯಂತ್ರ ನಿಲ್ಲುವುದಿಲ್ಲ. ಇದು ಯಂತ್ರದ ದೋಷವಲ್ಲ. ನಿಲ್ಲದಿರಲೆಂದು ಕಟ್ಟಿದ ಕೈಯೊಂದಿದೆ, ಕಟ್ಟು ಎಂದ ಬಾಯೊಂದಿದೆ, ಕಟ್ಟಿದ್ದನ್ನು ಕಾಣದಿರಲು ಹಣೆಗೇರಿದ ಕನ್ನಡಕವೊಂದಿದೆ. ಮರ್ಯಾದೆಯ ಪತ್ರದಲ್ಲಿ ಇಂಥ ಮಾತು ಬಂದದ್ದಕ್ಕೆ ಕ್ಷಮೆ ಇರಲಿ, ಬರೆದದ್ದು ಬಲಗೈಯಾದರೂ ಹೇಳಿಸುತ್ತಿರುವುದು ಎಡಗೈ, ಅದರ ಮೇಲೆ ನನಗೆ ಪೂರ್ತಿ ಹಿಡಿತವಿಲ್ಲ.

ಏನು ಹಾಕಿಸಿಕೊಂಡೆ ಎಂಬ ಕುತೂಹಲ ತಮಗಿರಬಹುದು. ಹೂವಲ್ಲ, ನವಿಲಲ್ಲ, ಮನೆಯವರ ಹೆಸರೂ ಅಲ್ಲ. ಹೆಸರು ಹಾಕಿಸಿಕೊಂಡವರೇ ಅಳಿಸಿಕೊಡಿ ಎಂದು ಹೆಚ್ಚಾಗಿ ಬರುವುದೆಂದು ಅವಳು ಹೇಳಿದ್ದನ್ನು ನಾನು ಮನೆಯಲ್ಲಿ ಹೇಳಿಲ್ಲ, ತಾವೂ ಹೇಳಬೇಡಿ. ಮಾಸುತ್ತಿದ್ದ ಆ ಕಲೆಯನ್ನೇ ಹಾಕಿಸಿಕೊಂಡೆ. ಹಲಗೆಯ ತೂತುಗಳಿಂದ ಆವಿ ನುಗ್ಗಿ ಬೆಂದ ಚುಕ್ಕಿಗಳು ದೀಪದಡಿಯಲ್ಲಿ ಇನ್ನೂ ಕಾಣುತ್ತಿದ್ದವು. ಅವಳು ತೆಳು ಕಾಗದ ಹಾಸಿ ಒಂದೊಂದನ್ನೇ ಗುರುತು ಮಾಡಿಕೊಂಡಳು. ಮೂರನೆಯ ಸಾಲಿನ ನಡುವೆ ಬಂದಾಗ ಪೆನ್ನು ನಿಲ್ಲಿಸಿ, "ಇಲ್ಲೊಂದು ಚುಕ್ಕಿ ಇಲ್ಲವಲ್ಲ. ಸೇರಿಸ್ಲಾ? ಸಾಲು ಚೆಂದ ಆಗತ್ತೆ" ಎಂದಳು. ನಾನು ಬೇಡವೆಂದೆ. ಆ ಜಾಗದ ತೂತಿಗೆ ನೀರಿನ ಸುಣ್ಣ ಕಟ್ಟಿಕೊಂಡಿದೆ, ಅಲ್ಲಿ ಆವಿ ಬರುವುದಿಲ್ಲ, ಹಾಸುಬಟ್ಟೆಯ ಮೇಲೂ ಅಷ್ಟು ಜಾಗದ ಸುಕ್ಕು ಯಾವಾಗಲೂ ಹಾಗೇ ಉಳಿಯುತ್ತದೆ. ಅವಳು ಕಾಗದವನ್ನು ಕೈಯ ಮೇಲೆ ಒತ್ತಿ, ಇದ್ದದ್ದನ್ನು ಇದ್ದ ಹಾಗೆ, ಇಲ್ಲದ್ದನ್ನು ಇಲ್ಲದ ಹಾಗೆ ಕಪ್ಪು ಶಾಯಿಯಲ್ಲಿ ಕೂರಿಸಿದಳು. ಇನ್ನು ಅದು ಮಾಸುವುದಿಲ್ಲ. ಮರೆಯಲೆಂದು ಕೊಟ್ಟ ಸಲಹೆಯಿಂದ ಇಷ್ಟು ಜ್ಞಾಪಕಶಕ್ತಿ ಬಂದದ್ದು ತಮ್ಮ ಕೃಪೆ.

ಇದು ಸಾಕ್ಷ್ಯವನ್ನು ತಿದ್ದಿದಂತೆ ಎಂದು ಸಿಬ್ಬಂದಿ ಅಧಿಕಾರಿ ಆಕ್ಷೇಪಿಸುತ್ತಾರೆಂದು ನನಗೆ ಗೊತ್ತು. ತಿದ್ದಿಸಿದ್ದು ತಮ್ಮ ಮಾತಿನಂತೆಯೇ ಎಂಬುದಕ್ಕೆ ಆ ದಿನ ನಕ್ಕ ಅವರೇ ಸಾಕ್ಷಿ. ಕೊನೆಯ ಬೇಡಿಕೆ ಒಂದೇ. ಯಂತ್ರ ತಣ್ಣಗಿರುವ ಒಂದು ರಜೆಯ ದಿನ, ಹೋಟೆಲಿನವರ ನಿದ್ದೆಗೆ ಭಂಗ ಬಾರದಂತೆ, ತಾವು ಇಸ್ತ್ರಿ ಕೋಣೆಗೆ ದಯಮಾಡಿಸಬೇಕು. ಹಲಗೆಯ ಕೆಳಗೆ ನಾನು ಎಡಗೈ ಇಡುತ್ತೇನೆ. ಚುಕ್ಕಿಗೆ ತೂತು, ಖಾಲಿಗೆ ಖಾಲಿ ಕೂಡಿಬಂದರೆ ಆ ಒಂದು ಸಾಲು ಬರೆದುಬಿಡಿ. ಕೂಡಿಬರದಿದ್ದರೆ ಅಮ್ಮ ಹೇಳಿದ ಹೂವನ್ನು ಮೇಲೆ ಹಾಕಿಸಿಕೊಂಡು, ತಮ್ಮ ಕಚೇರಿಯ ಮೆಟ್ಟಿಲು ತುಳಿಯದೆ ಇರುತ್ತೇನೆ. ಈ ಪತ್ರವನ್ನು ಸಂಘದವರು ಅಚ್ಚು ಹಾಕಿಸಿ ಗೇಟಿನಲ್ಲಿ ಹಂಚುತ್ತಿರುವುದು ತಮಗೆ ತಲುಪಿದ್ದು ಖಾತ್ರಿಯಾಗಲೆಂದಷ್ಟೇ, ಬೇರೆ ಉದ್ದೇಶವಿಲ್ಲ.

ತಮ್ಮ ಸಲಹೆಯನ್ನು ಚರ್ಮದ ಮೇಲೆ ಹೊತ್ತು ತಿರುಗುವ,
ತಮ್ಮ ವಿಶ್ವಾಸಿ,
ಇಸ್ತ್ರಿ ಕೋಣೆಯ ಎಡಗೈ

ತಾ.ಕ.: ನನ್ನನ್ನು ಅದೇ ಕೋಣೆಯ ಮಡಿಕೆ ಹಾಕುವ ಮೇಜಿಗೆ ಕಳಿಸಿದ ಮೇಲೆ ಆ ಯಂತ್ರಕ್ಕೆ ಹೊಸಬಳೊಬ್ಬಳು ಬಂದಿದ್ದಾಳೆ. ಕೊಂಡಿ ಎತ್ತಿ ಕಟ್ಟಿದ ಹಾಗೇ ಇದೆ, ಹಳೆಯ ಲಾಡಿ ಕೊಳೆಯಾಯಿತೆಂದು ಹೋದ ವಾರ ಹೊಸ ಲಾಡಿ ಕಟ್ಟಿದ್ದಾರೆ. ನಿನ್ನೆ ಅವಳು ನನ್ನ ಹಚ್ಚೆಯನ್ನು ಹಿಡಿದು ನೋಡಿ ಎಷ್ಟು ನೋವಾಯಿತು ಎಂದು ಕೇಳಿ, ತೋಳು ಮಡಚಿ ತನ್ನ ಕೈಯನ್ನೂ ತೋರಿಸಿದಳು. ಒಂದು ಮಚ್ಚೆಯೂ ಇಲ್ಲದ ಕೈ. ತನಗೆ ಹಚ್ಚೆ ಇಷ್ಟವಿಲ್ಲವಂತೆ. ತಾವು ಮುಂದಿನ ದಿನಾಂಕ ಕೊಡುವ ಮೊದಲು ಇದನ್ನು ಗಮನಿಸಬೇಕಾಗಿ ವಿನಂತಿ.